ಮನೆ ನೀರು ಕುಡಿಯುತ್ತಿದೆ

ನಮ್ಮ ಹೊಸ ಮನೆ ಕಟ್ಟಿ ಮುಗಿಯಲು ಒಂಬತ್ತು ತಿಂಗಳು ಹಿಡಿಯಿತು. ಅದರಲ್ಲಿ ಕಣ್ಣಿಗೆ ಕಾಣುವ ಹಾಗೆ ಏನಾದರೂ ನಡೆದದ್ದು ಅರ್ಧದಷ್ಟು ದಿನ ಮಾತ್ರ. ಉಳಿದ ದಿನಗಳಲ್ಲಿ ದಾರಿಯಲ್ಲಿ ಹೋಗುವವರು ನಿಂತು ನೋಡಿ, "ಏನಮ್ಮ, ಕೆಲಸ ನಿಂತೋಯ್ತಾ?" ಎಂದು ಕೇಳಿ ಮುಂದೆ ಹೋಗುತ್ತಿದ್ದರು. ನಿಂತಿರಲಿಲ್ಲ ಮಕ್ಕಳೇ. ಆ ಏನೂ ನಡೆಯದ ದಿನಗಳ ಬಗ್ಗೆಯೇ ನಾನು ಈಗ ಹೇಳಹೊರಟಿದ್ದೇನೆ.

ನಮ್ಮೂರು ಚಿತ್ರದುರ್ಗ ತಾಲ್ಲೂಕಿನ ಮದಕರಿಪುರ. ಹೆಸರಿನಲ್ಲೇ ಮದಕರಿ ನಾಯಕ ಇದ್ದಾನೆ. ನಾನು ಮದುವೆಯಾಗಿ ಬಂದದ್ದು ಇಲ್ಲಿನ ಒಂದು ಮಾಳಿಗೆ ಮನೆಗೆ. ಮಾಳಿಗೆ ಮನೆ ಎಂದರೆ ಈಗಿನ ಮಕ್ಕಳಿಗೆ ಮಹಡಿ ಮನೆ ನೆನಪಾಗುತ್ತದೆ. ನಮ್ಮ ಕಡೆಯ ಮಾಳಿಗೆ ಬೇರೆ. ದಪ್ಪ ಮಣ್ಣಿನ ಗೋಡೆ, ಮರದ ಕಂಬ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಗಳ ಹರಡಿ ಬಂದರಿಕೆ ಸೊಪ್ಪು ಹಾಕಿ, ಅದರ ಮೇಲೆ ಮೊಳದಷ್ಟು ಮಣ್ಣು. ಬೇಸಿಗೆಯಲ್ಲಿ ಒಳಗೆ ತಂಪು, ಚಳಿಯಲ್ಲಿ ಬೆಚ್ಚಗೆ. ನಡುಮನೆಯಲ್ಲಿ ಒಂದು ಗವಾಕ್ಷಿ. ಅದರಿಂದ ಬೀಳುವ ಬಿಸಿಲಿನ ಬಿಲ್ಲೆ ಒರಳುಕಲ್ಲಿನ ಹತ್ತಿರ ಬಂದರೆ ಮಧ್ಯಾಹ್ನದ ಊಟಕ್ಕೆ ಮುದ್ದೆ ತಿರುವಬೇಕು ಎಂದು ನನಗೆ ಗೊತ್ತಾಗುತ್ತಿತ್ತು. ಗಡಿಯಾರ ನೋಡುವ ಅಭ್ಯಾಸವೇ ಇರಲಿಲ್ಲ.

2022ರ ಮಳೆಗಾಲ ನಮ್ಮ ಜಿಲ್ಲೆಯ ಅಜ್ಜ ಅಜ್ಜಿಯರಿಗೆಲ್ಲ ನೆನಪಿರುತ್ತದೆ. ಆ ವರ್ಷ ಹಿರಿಯೂರಿನ ಹತ್ತಿರದ ವಾಣಿವಿಲಾಸ ಸಾಗರ 89 ವರ್ಷಗಳ ನಂತರ ಕೋಡಿ ಬಿತ್ತು. ಅದಕ್ಕೂ ಮೊದಲು ತುಂಬಿ ಹರಿದದ್ದು 1933ರಲ್ಲಿ. ಜನ ಗಾಡಿ ಕಟ್ಟಿಕೊಂಡು, ಬಸ್ಸು ಹತ್ತಿಕೊಂಡು ನೋಡಲು ಹೋದರು. ಅದೇ ಮಳೆಗೆ ನಮ್ಮ ಮನೆಯ ಹಿಂದಿನ ಗೋಡೆ ಒಂದು ರಾತ್ರಿ ಕುಸಿಯಿತು. ಯಾರಿಗೂ ಏನೂ ಆಗಲಿಲ್ಲ. ಬೆಳಗ್ಗೆ ಎದ್ದು ನೋಡಿದರೆ ಅಡುಗೆಮನೆಯಿಂದ ಹಿತ್ತಿಲ ನುಗ್ಗೆಮರ ನೇರವಾಗಿ ಕಾಣುತ್ತಿತ್ತು. ಆ ಜಾಗಕ್ಕೆ ತಗಡು ಕಟ್ಟಿ ಎರಡು ವರ್ಷ ದೂಡಿದೆವು. ಪಕ್ಕದಲ್ಲಿ ಖಾಲಿ ಬಿದ್ದಿದ್ದ ದನದ ಕೊಟ್ಟಿಗೆಯ ಜಾಗದಲ್ಲಿ ಹೊಸ ಮನೆ ಕಟ್ಟುವುದೆಂದು ತೀರ್ಮಾನವಾಯಿತು. ನಮ್ಮ ಯಜಮಾನರಿಗೆ ಎಂಬತ್ತು ದಾಟಿದೆ, ಮಂಡಿನೋವು, ಹೆಚ್ಚು ಓಡಾಡಲಾರರು. ಮುಂದಿನ ಜೋರು ಮಳೆಗೆ ಮೊದಲು ಅವರನ್ನು ಗಟ್ಟಿ ಸೂರಿನ ಕೆಳಗೆ ಸೇರಿಸಬೇಕು ಎಂಬುದೇ ನಮ್ಮೆಲ್ಲರ ಆಸೆ.

ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ಹದಿನೈದು ದಿನಕ್ಕೊಮ್ಮೆ ಬರುತ್ತಾನೆ. ಸೊಸೆ ಮತ್ತು ಆರನೇ ತರಗತಿಯ ಮೊಮ್ಮಗಳು ನಮ್ಮ ಜೊತೆ ಇದ್ದಾರೆ. ಸೊಸೆಯೂ ಬೆಳಗಾದರೆ ದುರ್ಗಕ್ಕೆ ಕೆಲಸಕ್ಕೆ ಹೋಗುತ್ತಾಳೆ. ಹೀಗಾಗಿ ಮನೆ ಕಟ್ಟುವುದನ್ನು ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ಮೊಮ್ಮಗಳು ನನ್ನ ಸಹಾಯಕಿ. ಬೇವಿನ ಮರದ ಬುಡದಲ್ಲಿ ಒಂದು ಚಪ್ಪಡಿ ಕಲ್ಲಿದೆ. ದಿನವೂ ಸಂಜೆ ಐದಕ್ಕೆ ಅದರ ಮೇಲೆ ನಿಂತು ಒಂದೇ ಕೋನದಿಂದ ಒಂದು ಫೋಟೊ ತೆಗೆದು ಅಪ್ಪನಿಗೆ ಕಳಿಸುವುದು ಅವಳ ಕೆಲಸ. 200 ಪುಟದ ನೋಟುಬುಕ್ಕಿನಲ್ಲಿ ಅಂದು ಏನಾಯಿತು, ಎಷ್ಟು ಸಿಮೆಂಟ್ ಚೀಲ ಬಂತು, ಎಷ್ಟು ಆಳು ಬಂದರು ಎಂದು ಬರೆಯುವುದು ನನ್ನ ಕೆಲಸ.

ನಮ್ಮ ಬೀದಿಯಲ್ಲೇ ಇನ್ನೊಂದು ಮನೆ ಸರ್ಕಾರದ ವಸತಿ ಯೋಜನೆಯಲ್ಲಿ ಏಳುತ್ತಿತ್ತು. ಅಲ್ಲಿಯೂ ಫೋಟೊ ಇದೆ ಎಂದು ತಿಳಿದು ಮೊಮ್ಮಗಳಿಗೆ ಆಶ್ಚರ್ಯ. ಇಂಥ ಮನೆಗಳಿಗೆ ತಳಪಾಯ, ಗೋಡೆ, ಚಾವಣಿ, ಪೂರ್ಣ ಎಂದು ಹಂತಗಳಿವೆ. ಒಂದೊಂದು ಹಂತ ಮುಗಿದಾಗಲೂ ಜಾಗದ ಗುರುತು ಸಮೇತ ಫೋಟೊ ತೆಗೆದು ದಾಖಲಿಸಿದ ಮೇಲೆ ಮುಂದಿನ ಕಂತಿನ ಹಣ. 2000ದಲ್ಲಿ ಶುರುವಾದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ನಮ್ಮ ರಾಜ್ಯದಲ್ಲಿ ಈ ಲೆಕ್ಕ ನೋಡುತ್ತದೆ. "ಅವರದ್ದು ನಾಲ್ಕು ಫೋಟೊ, ನಮ್ಮದು ದಿನಕ್ಕೊಂದು" ಎಂದು ಅವಳಿಗೆ ಹೆಮ್ಮೆ.

2024ರ ಕಾರ್ತಿಕದಲ್ಲಿ ಗುದ್ದಲಿ ಪೂಜೆ ಆಯಿತು. ಮೊದಲ ದಿನವೇ ಮೇಸ್ತ್ರಿ ಒಂದು ತಮಾಷೆ ತೋರಿಸಿದರು. ಎರಡು ದಾರ ಕಟ್ಟಿ ಮೂಲೆ ಮಾಡಿ, ಒಂದು ದಾರದ ಮೇಲೆ 3 ಅಡಿಗೆ, ಇನ್ನೊಂದರ ಮೇಲೆ 4 ಅಡಿಗೆ ಗುರುತು ಹಾಕಿದರು. ಎರಡು ಗುರುತುಗಳ ನಡುವೆ ಟೇಪು ಹಿಡಿದು, ಅದು ಸರಿಯಾಗಿ 5 ಅಡಿ ಬರುವವರೆಗೆ ಒಂದು ದಾರವನ್ನು ಆಚೀಚೆ ಸರಿಸಿದರು. "ಈಗ ಮೂಲೆ ಮಟ್ಟ" ಎಂದರು. ಮೂರು ಮೂರಲಿ ಒಂಬತ್ತು, ನಾಲ್ಕು ನಾಲ್ಕಲಿ ಹದಿನಾರು, ಕೂಡಿದರೆ ಇಪ್ಪತ್ತೈದು, ಐದು ಐದಲಿ ಇಪ್ಪತ್ತೈದು. ದೊಡ್ಡ ತರಗತಿಯಲ್ಲಿ ಇದನ್ನು ಪೈಥಾಗೊರಸನ ಪ್ರಮೇಯ ಎಂದು ಕಲಿಸುತ್ತಾರೆ. ನಮ್ಮ ದೇಶದಲ್ಲಿ ಯಜ್ಞವೇದಿಕೆ ಅಳೆಯುವವರಿಗಾಗಿ ಬರೆದ ಬೌಧಾಯನ ಶುಲ್ಬಸೂತ್ರದಲ್ಲೂ ಇದೇ ಲೆಕ್ಕವಿದೆ. ಮೇಸ್ತ್ರಿ ಎರಡನ್ನೂ ಓದಿದವರಲ್ಲ. ಅವರಿಗೆ ಅವರ ಅಪ್ಪ ಹೇಳಿಕೊಟ್ಟದ್ದು. ನಮ್ಮ ಮನೆ 36 ಅಡಿ ಉದ್ದ, 30 ಅಡಿ ಅಗಲ. ನಾಲ್ಕೂ ಮೂಲೆ ಸರಿಯಿದ್ದರೆ ಮೂಲೆಯಿಂದ ಮೂಲೆಗೆ ಎರಡೂ ಕಡೆ 46 ಅಡಿ 10 ಇಂಚು ಚಿಲ್ಲರೆ ಬರಬೇಕು. ಬಂತು. ಬೇಕಾದರೆ ನೀವೂ ಲೆಕ್ಕ ಹಾಕಿ ನೋಡಿ.

ಪಾಯ ಅಗೆಯುವಾಗ ಮೊದಲು ಕೆಂಪು ಮಣ್ಣು ಬಂತು, ನಾಲ್ಕು ಅಡಿಗೆ ಗಟ್ಟಿ ಗರಸು ಸಿಕ್ಕಿತು. "ಪುಣ್ಯ, ಎರೆ ಸಿಗಲಿಲ್ಲ" ಎಂದರು ಮೇಸ್ತ್ರಿ. ಎರೆ ಎಂದರೆ ಕಪ್ಪು ಮಣ್ಣು. ಹತ್ತಿ, ಕಡಲೆ ಬೆಳೆಯುವವರಿಗೆ ಅದು ಬಂಗಾರ. ಮನೆ ಕಟ್ಟುವವರಿಗೆ ತಲೆನೋವು. ಮಳೆ ಬಿದ್ದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ಹಿಡಿಸುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ಕೂತ ಮನೆ ವರ್ಷಕ್ಕೊಮ್ಮೆ ಎದ್ದು ಕೂತ ಹಾಗಾಗಿ ಗೋಡೆ ಸೀಳುತ್ತದೆ. ಅಲ್ಲೆಲ್ಲ ಪಾಯಕ್ಕೆ ಬೇರೆಯೇ ಉಪಾಯ ಬೇಕು.

ಸೈಜುಗಲ್ಲಿನ ಪಾಯ ಎದ್ದಿತು. ಒಳಗೆ ಮಣ್ಣು ತುಂಬಿ, ನೀರು ಬಿಟ್ಟು, ದಮ್ಮಸು ಹೊಡೆದರು. ಆಮೇಲೆ ನಾಲ್ಕು ದಿನ ಯಾರೂ ಬರಲಿಲ್ಲ. ಅದೇ ನಮ್ಮ ಮೊದಲ ಖಾಲಿ ಫೋಟೊಗಳು. ಬೆಂಗಳೂರಿನಿಂದ ಫೋನ್ ಬಂತು. "ಅಮ್ಮ, ನಿನ್ನೆಯದೂ ಇವತ್ತಿನದೂ ಒಂದೇ ಥರ ಇದೆಯಲ್ಲ?" ನಾನು ಮೇಸ್ತ್ರಿಯನ್ನು ಕೇಳಿದೆ. "ಮಣ್ಣು ಕೂರ್ತಾ ಇದೆ ಅಂತ ಹೇಳಿ. ಈಗ ಕೂರದಿದ್ರೆ ನೀವು ಟೈಲ್ಸ್ ಹಾಕಿದ ಮೇಲೆ ಕೂರುತ್ತೆ" ಎಂದರು. ನೋಟುಬುಕ್ಕಿನಲ್ಲಿ ಬರೆದೆ: ಮಣ್ಣು ಕೂರುತ್ತಿದೆ.

ಸಂಕ್ರಾಂತಿಯ ಹೊತ್ತಿಗೆ ಗೋಡೆ ಶುರುವಾಯಿತು. ಆ ಜನವರಿಯಲ್ಲೇ, 2025ರಲ್ಲಿ, ವಾಣಿವಿಲಾಸ ಸಾಗರ ಮೂರನೇ ಸಲ ಕೋಡಿ ಬಿತ್ತು. ನಮ್ಮ ಯಜಮಾನರು ಜಗಲಿಯಲ್ಲಿ ಕೂತು, "ಎಪ್ಪತ್ತು ವರ್ಷ ಕಾದರೂ ಕಾಣದೇ ಇದ್ದದ್ದು ಈಗ ಮೂರು ವರ್ಷದಲ್ಲಿ ಎರಡು ಸಲ" ಎಂದರು. ಆ ಅಣೆಕಟ್ಟೆ ಮುಗಿದದ್ದು 1907ರಲ್ಲಿ. ವೇದಾವತಿ ನದಿಗೆ ಅಡ್ಡಲಾಗಿ, ಮಾರಿಕಣಿವೆಯಲ್ಲಿ, ಕಲ್ಲು ಮತ್ತು ಸುಣ್ಣದ ಗಾರೆಯಿಂದ ಕಟ್ಟಿದ್ದು. ಒಂದು ಶತಮಾನ ದಾಟಿ ನೀರು ಹಿಡಿದು ನಿಂತಿದೆ.

ಇಟ್ಟಿಗೆ ಗೋಡೆಯಲ್ಲೂ ನಾವು ಮೊದಲು ಕಲಿತದ್ದು ನೀರಿನ ಪಾಠವನ್ನೇ. ಇಟ್ಟಿಗೆಯನ್ನು ಕಟ್ಟುವ ಮೊದಲು ತೊಟ್ಟಿಯಲ್ಲಿ ನೆನೆಸಬೇಕು. ಮೊಮ್ಮಗಳು ಒಂದು ಒಣ ಇಟ್ಟಿಗೆಯನ್ನು ನೀರಿಗೆ ಬಿಟ್ಟಳು. ಸುಂಯ್ ಎಂದು ಗುಳ್ಳೆಗಳು ಎದ್ದವು. ಒಣ ಇಟ್ಟಿಗೆ ಬಾಯಾರಿದ ಎತ್ತಿನ ಹಾಗೆ. ಗಾರೆಯಲ್ಲಿರುವ ನೀರನ್ನೆಲ್ಲ ಅದೇ ಹೀರಿದರೆ ಗಾರೆ ಗಟ್ಟಿಯಾಗುವ ಮೊದಲೇ ಪುಡಿಯಾಗುತ್ತದೆ. ಗೋಡೆಯನ್ನು ಒಂದೇ ದಿನ ನಾಲ್ಕೈದು ಅಡಿಗಿಂತ ಎತ್ತರಕ್ಕೆ ಏರಿಸಬಾರದು, ಕೆಳಗಿನ ಗಾರೆ ಇನ್ನೂ ಹಸಿಯಾಗಿರುತ್ತದೆ. ಒಂದು ಸಾಲಿನ ಕೀಲಿನ ಮೇಲೆ ಮುಂದಿನ ಸಾಲಿನ ಕೀಲು ಬರಬಾರದು. ಗೋಡೆ ನೆಟ್ಟಗಿದೆಯೇ ಎಂದು ನೋಡಲು ತೂಗುಗುಂಡು. ಮಟ್ಟ ನೋಡಲು ನೀರು ತುಂಬಿದ ಪಾರದರ್ಶಕ ಪೈಪು. ಮನೆಯ ಈ ಮೂಲೆಯಲ್ಲಿ ಒಂದು ತುದಿ, ಆ ಮೂಲೆಯಲ್ಲಿ ಇನ್ನೊಂದು ತುದಿ ಹಿಡಿದರೆ ಎರಡೂ ಕಡೆ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ನಡುವೆ ಗೋಡೆ ಬಂದರೂ ನೀರಿಗೆ ಲೆಕ್ಕ ತಪ್ಪುವುದಿಲ್ಲ.

ಶಿವರಾತ್ರಿಯ ಆಸುಪಾಸಿಗೆ ಬಾಗಿಲು ಇಡುವ ಶಾಸ್ತ್ರ. ಹಳೆ ಮನೆಯ ತಲೆಬಾಗಿಲು ನಮ್ಮ ಮಾವನವರ ಕಾಲದ ಹೊನ್ನೆ ಮರದ್ದು. ಒಂದು ಗೆದ್ದಲೂ ಹತ್ತಿಲ್ಲ. ಆದರೆ ಎತ್ತರ ಐದೇ ಅಡಿ. ಹೊಸ ಬಾಗಿಲುಗಳು ಏಳು ಅಡಿ. ಅದನ್ನು ಏನು ಮಾಡುವುದೆಂದು ಮನೆಯಲ್ಲಿ ಒಂದು ವಾರ ಚರ್ಚೆ. ಮಾರೋಣ ಎಂದರು ಕೆಲವರು. ಮೊಮ್ಮಗಳೇ ದಾರಿ ತೋರಿಸಿದಳು: "ದೇವರ ಕೋಣೆಗೆ ಹಾಕಿ. ಅಲ್ಲಿ ಹೇಗಿದ್ರೂ ತಲೆ ಬಗ್ಗಿಸಬೇಕಲ್ವಾ?" ಹಾಗೇ ಆಯಿತು.

ಯುಗಾದಿ ಮುಗಿದ ವಾರದಲ್ಲಿ ಮೋಲ್ಡ್ ಹಾಕಿದೆವು. ಚಾವಣಿಗೆ ಕಾಂಕ್ರೀಟ್ ಸುರಿಯುವುದನ್ನು ನಮ್ಮ ಕಡೆ ಹಾಗೇ ಕರೆಯುತ್ತೇವೆ. ನಡುವೆ ನಿಲ್ಲಿಸುವಂತಿಲ್ಲ, ಬೆಳಗ್ಗೆ ಶುರುವಾದದ್ದು ಅದೇ ದಿನ ಮುಗಿಯಬೇಕು. ಬೀದಿಯವರೆಲ್ಲ ಬಂದು ನಿಂತರು. ಕಬ್ಬಿಣದ ಜಾಲದ ಮೇಲೆ ಒಂದು ಸಣ್ಣ ಮರದ ಪೆಟ್ಟಿಗೆ ಕೂರಿಸಿದ್ದೆವು. ಅಲ್ಲಿ ಕಾಂಕ್ರೀಟ್ ಬೀಳದೆ ಉಳಿದ ಕಿಂಡಿ ಮುಂದೆ ಗಾಜು ಹಾಕಿದ ಗವಾಕ್ಷಿ ಆಗಬೇಕಿತ್ತು. ಅದು ನನ್ನ ಒಂದೇ ಬೇಡಿಕೆ. ಸಂಜೆ ಎಲ್ಲರಿಗೂ ಹೋಳಿಗೆ ಊಟ. ಆ ದಿನ ತೆಗೆದ ಫೋಟೊದಲ್ಲಿ ಮೂವತ್ತು ಜನ ಇದ್ದಾರೆ.

ಮಾರನೆಯ ದಿನದ ಫೋಟೊದಲ್ಲಿ ಒಬ್ಬರೂ ಇಲ್ಲ. ಅದರ ಮಾರನೆಯ ದಿನವೂ ಇಲ್ಲ. ಹೀಗೆ ಎಷ್ಟೋ ದಿನ.

ಮಗನ ಫೋನ್ ಬಂತು. ಈ ಸಲ ಮೊಮ್ಮಗಳೇ ತೆಗೆದುಕೊಂಡಳು. "ಅಪ್ಪಾ, ಕೆಲಸ ನಿಂತಿಲ್ಲ. ಮನೆ ನೀರು ಕುಡೀತಾ ಇದೆ."

ಸಿಮೆಂಟ್ ಒಣಗಿ ಗಟ್ಟಿಯಾಗುತ್ತದೆ ಎಂದು ನಾವು ತುಂಬ ಜನ ತಿಳಿದಿರುತ್ತೇವೆ. ಒಣಗುವುದು ಬಟ್ಟೆ, ಹಪ್ಪಳ. ಸಿಮೆಂಟ್ ನೀರಿನ ಜೊತೆ ಸೇರಿ ಬೇರೆಯೇ ವಸ್ತುವಾಗುತ್ತದೆ. ಅದರ ಕಣಗಳಿಂದ ಕಣ್ಣಿಗೆ ಕಾಣದಷ್ಟು ಸೂಕ್ಷ್ಮ ಎಳೆಗಳೂ ಹರಳುಗಳೂ ಬೆಳೆದು ಮರಳನ್ನೂ ಜಲ್ಲಿಯನ್ನೂ ಹೆಣೆದು ಹಿಡಿಯುತ್ತವೆ. ನೀರಿರುವ ತನಕ ಆ ಹೆಣಿಗೆ ನಡೆಯುತ್ತದೆ. ನೀರು ಆರಿಹೋದರೆ ಅರ್ಧಕ್ಕೇ ನಿಲ್ಲುತ್ತದೆ. ಏಳು ದಿನಕ್ಕೆ ಸುಮಾರು ಮೂರನೇ ಎರಡು ಭಾಗ ಬಲ ಬರುತ್ತದೆ. ಎಂಜಿನಿಯರುಗಳು ಕಾಂಕ್ರೀಟಿನ ಬಲವನ್ನು ಅಳೆಯುವುದು 28ನೇ ದಿನಕ್ಕೆ. ಆಮೇಲೂ ಅದು ನಿಧಾನವಾಗಿ ಗಟ್ಟಿಯಾಗುತ್ತಲೇ ಇರುತ್ತದೆ.

ಆದರೆ ನೀರು ಎಲ್ಲಿಂದ? ಏಪ್ರಿಲ್ ತಿಂಗಳು, ದುರ್ಗದ ಬಿಸಿಲು. ಬಂಡೆಗಳೇ ಬಿಸಿಯುಸಿರು ಬಿಡುವ ಕಾಲ. ಜಿಲ್ಲೆಯ ಅಣೆಕಟ್ಟೆ ತುಂಬಿದ್ದರೂ ನಮ್ಮ ಬೀದಿಯ ನಲ್ಲಿ ದಿನ ಬಿಟ್ಟು ದಿನ. ಚಾವಣಿ 30 ಅಡಿಗೆ 36 ಅಡಿ, ಅಂದರೆ ಸುಮಾರು 100 ಚದರ ಮೀಟರ್. ಅದರ ಮೇಲೆ ಪಾತಿ ಕಟ್ಟಿ ಎರಡು ಇಂಚು ನೀರು ನಿಲ್ಲಿಸಿದರೆ ಸುಮಾರು 5,000 ಲೀಟರ್ ಬೇಕು. ಒಂದು ಟ್ಯಾಂಕರ್ ತುಂಬ ನೀರು. ಬಿಸಿಲಿಗೆ ಅದೂ ಆರಿಹೋಗುತ್ತದೆ. ನಲ್ಲಿಗೆ ಪೈಪು ಹಾಕಿ ರಾತ್ರಿ ಹಿಡಿದುಕೊಳ್ಳಿ ಎಂದು ಯಾರೋ ಸಲಹೆ ಕೊಟ್ಟರು. ನಾನು ಒಪ್ಪಲಿಲ್ಲ. ಆ ನಲ್ಲಿಯ ಮುಂದೆ ಬೆಳಗ್ಗೆ ಐದಕ್ಕೆ ಕೊಡ ಇಡುವವರ ಸಾಲಿನಲ್ಲಿ ನಾನೂ ಎಷ್ಟೋ ವರ್ಷ ನಿಂತವಳು. ಅಕ್ಕಪಕ್ಕದವರ ಕುಡಿಯುವ ನೀರು ಕುಡಿದು ಬೆಳೆದ ಸೂರಿನ ಕೆಳಗೆ ನಿದ್ದೆ ಬರುವುದಿಲ್ಲ.

ತೋಟದ ಕೊಳವೆಬಾವಿಯ ನೀರನ್ನು ದುಡ್ಡು ಕೊಟ್ಟು ತರಿಸಿದೆವು. ಮೇಸ್ತ್ರಿ ಉಪಾಯ ಹೇಳಿದರು: ಪಾತಿಯ ನೀರಿನ ಬದಲು ಗೋಣಿಚೀಲ ಮತ್ತು ಹುಲ್ಲು ಹಾಸಿ, ಅದು ಒದ್ದೆಯಾಗಿರುವಂತೆ ನೋಡಿಕೊಳ್ಳಿ. ಕಡಿಮೆ ನೀರಿನಲ್ಲಿ ಅದೇ ಕೆಲಸ. ಬೆಳಗ್ಗೆ ಆರಕ್ಕೆ, ಮಧ್ಯಾಹ್ನ, ಸಂಜೆ, ರಾತ್ರಿ ಮಲಗುವ ಮೊದಲು, ದಿನಕ್ಕೆ ನಾಲ್ಕು ಸಲ. ಮೊಮ್ಮಗಳು ಚೊಂಬು ಹಿಡಿದು ಮೂಲೆಗಳಿಗೆ ಎರಚುತ್ತಿದ್ದಳು. ಗೋಣಿಯ ತಗ್ಗಿನಲ್ಲಿ ನಿಂತ ನೀರಿಗೆ ಗುಬ್ಬಿಗಳು, ಗೊರವಂಕಗಳು ಬರತೊಡಗಿದವು. ನೋಟುಬುಕ್ಕಿನಲ್ಲಿ ಆ ದಿನಗಳ ಪುಟದಲ್ಲಿ ಆಳುಗಳ ಸಂಖ್ಯೆ ಸೊನ್ನೆ, ಗುಬ್ಬಿಗಳ ಸಂಖ್ಯೆ ಹನ್ನೊಂದು.

ಏಳನೇ ದಿನ ಒಂದು ಒತ್ತಾಯ ಬಂತು. ಚಾವಣಿಗೆ ಕೊಟ್ಟ ತಗಡು, ಊರುಗೋಲುಗಳಿಗೆಲ್ಲ ದಿನದ ಲೆಕ್ಕದಲ್ಲಿ ಬಾಡಿಗೆ. ಜ್ಯೇಷ್ಠ ಮಾಸದ ಕೊನೆಯಲ್ಲಿ ಗೃಹಪ್ರವೇಶದ ಮುಹೂರ್ತ ನೋಡಿ ಆಗಿತ್ತು, ಆಷಾಢ ಬಂದರೆ ಆಗುವುದಿಲ್ಲ. ಬೇಗ ಬಿಚ್ಚಿದರೆ ಬೇಗ ಒಳಗಿನ ಗಾರೆ ಶುರು. ಮಗನಿಗೂ ಆತುರ. ಆತುರ ತನಗಾಗಿ ಅಲ್ಲ, ಅವನ ಅಪ್ಪ ಮಳೆಗೆ ಮೊದಲು ಹಳೆ ಮನೆ ಬಿಡಬೇಕೆಂದು. ಮೇಸ್ತ್ರಿ ಟೇಪು ತೆಗೆದು ನಡುಮನೆಯ ಅಗಲ ಅಳೆದು ತೋರಿಸಿದರು: 16 ಅಡಿ, ಹತ್ತಿರ ಹತ್ತಿರ 4.9 ಮೀಟರ್. "ನಾಲ್ಕೂವರೆ ಮೀಟರ್ ದಾಟಿದ ಚಾವಣಿಗೆ ಊರುಗೋಲು ಹದಿನಾಲ್ಕು ದಿನವಾದರೂ ಇರಬೇಕಮ್ಮ. ಈ ಸಿಮೆಂಟಿಗೆ ಇನ್ನೊಂದು ವಾರ ಬಿಟ್ರೆ ನನಗೆ ನಿದ್ದೆ ಬರುತ್ತೆ." ನಾನು ಜಗಲಿಯ ಕಡೆ ನೋಡಿದೆ. ಯಜಮಾನರು ಏನೂ ಕೇಳಿಸದವರ ಹಾಗೆ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು. ಆಮೇಲೆ ನಿಧಾನವಾಗಿ, "ಇಷ್ಟು ವರ್ಷ ಕಾದಿದೀನಿ, ಇನ್ನೊಂದು ಮಳೆ ಈ ಮಾಳಿಗೆ ತಡೆಯುತ್ತೆ. ಅದಕ್ಕೆ ಮಣ್ಣು ಹಾಕಿಸು" ಎಂದರು. ಮುಹೂರ್ತ ಶ್ರಾವಣಕ್ಕೆ ಹೋಯಿತು.

ಕಾಯುತ್ತಿದ್ದ ಆ ವಾರಗಳ ಒಂದು ಭಾನುವಾರ ಮೊಮ್ಮಗಳನ್ನು ಕೋಟೆಗೆ ಕರೆದುಕೊಂಡು ಹೋದೆ. ಏಳು ಸುತ್ತಿನ ಕೋಟೆಯ ಬಂಡೆಗಳ ಮೇಲೆ, ಕಲ್ಲು ಸೀಳಲು ಸಾಲಾಗಿ ಕೊರೆದ ಕುಳಿಗಳನ್ನು ಅವಳು ಬೆರಳಿಟ್ಟು ಎಣಿಸಿದಳು. ಒಳಗೆ ಪಾಳೆಯಗಾರರ ಕಾಲದ ಮಣ್ಣಿನ ಗೋಡೆಗಳು ಇನ್ನೂ ನಿಂತಿವೆ. ಕೋಟೆ 1779ರಲ್ಲಿ ಹೈದರಾಲಿಯ ವಶವಾಯಿತು. ಆ ಗೋಡೆಗಳು ಅಂದಿನಿಂದ ಎಷ್ಟು ಮಳೆ ಕಂಡಿರಬೇಕು! "ಅಜ್ಜಿ, ಇವು ನಿಂತಿವೆ. ನಮ್ಮದು ಯಾಕೆ ಬಿತ್ತು?" ಎಂದು ಕೇಳಿದಳು. ಆ ಗೋಡೆಗಳ ದಪ್ಪ ತೋರಿಸಿದೆ. ಮಣ್ಣಿನ ಗೋಡೆಗೆ ಏಟು ಬೀಳುವುದು ಕಾಲಿಗೆ. ಬುಡದಲ್ಲಿ ನೀರು ನಿಂತರೆ ಅದು ಕರಗುತ್ತದೆ. ನಮ್ಮ ಹಿತ್ತಿಲಲ್ಲಿ ನೀರು ಹರಿದು ಹೋಗಲು ಜಾಗವಿರಲಿಲ್ಲ. ಇಲ್ಲಿ ಬಂಡೆಯ ಇಳಿಜಾರು, ಬಿದ್ದ ಹನಿ ನಿಲ್ಲುವುದೇ ಇಲ್ಲ.

ಹಾಗೆ ಹರಿದ ಹನಿಯೂ ವ್ಯರ್ಥವಾಗದ ಹಾಗೆ ನೋಡಿಕೊಂಡದ್ದು ಆ ಕಾಲದವರ ಜಾಣತನ. ಬೆಟ್ಟದ ಮೇಲೆ ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿ ಹೊಂಡ, ಕೆಳಗೆ ಸಿಹಿನೀರು ಹೊಂಡ, ಊರೊಳಗೆ ಸಂತೆ ಹೊಂಡ. ಮೇಲಿನದು ತುಂಬಿದರೆ ನೀರು ಕೆಳಗಿನದಕ್ಕೆ. ನದಿಯಿಲ್ಲದ ಕಲ್ಲುಬೆಟ್ಟದಲ್ಲಿ ಒಂದು ಊರಿಗೆ ಊರೇ ಮಳೆನೀರು ಕುಡಿದು ಬದುಕಿತು. ಒನಕೆ ಓಬವ್ವ ಕಿಂಡಿಯ ಹತ್ತಿರ ಶತ್ರುಗಳನ್ನು ಕಂಡದ್ದೂ ಗಂಡನಿಗೆ ನೀರು ತರಲು ಹೋದಾಗಲೇ ಎಂದು ನಮ್ಮೂರ ಮಕ್ಕಳಿಗೆಲ್ಲ ಗೊತ್ತು.

ಇಳಿಯುವಾಗ ಮೊಮ್ಮಗಳು ಮೌನವಾಗಿದ್ದಳು. ಮನೆಗೆ ಬಂದವಳೇ ನೋಟುಬುಕ್ಕಿನ ಹಿಂದಿನ ಪುಟದಲ್ಲಿ ಲೆಕ್ಕ ಬರೆದಳು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ ಚಾವಣಿ 100 ಚದರ ಮೀಟರ್. 25 ಮಿಲಿಮೀಟರಿನ ಒಂದು ಒಳ್ಳೆಯ ಮಳೆ ಬಂದರೆ 2,500 ಲೀಟರ್, ಅರ್ಧ ಟ್ಯಾಂಕರ್. "ಅಪ್ಪಾ, ನಮ್ಮ ಸೂರಿಗೊಂದು ಹೊಂಡ ಬೇಕು" ಎಂದು ಫೋನಿನಲ್ಲಿ ಹೇಳಿದಳು. ನಕ್ಷೆಯಲ್ಲಿ ಸಣ್ಣದೊಂದು ಸಂಪು ಇತ್ತು. ಅದನ್ನು 8 ಅಡಿ ಉದ್ದ, 8 ಅಡಿ ಅಗಲ, 7 ಅಡಿ ಆಳಕ್ಕೆ ಹಿಗ್ಗಿಸಿದೆವು. ಒಂದು ಘನ ಅಡಿಗೆ ಸುಮಾರು 28 ಲೀಟರ್ ಹಿಡಿಯುತ್ತದೆ. ಒಟ್ಟು ಎಷ್ಟು ಎಂದು ನೀವೇ ಗುಣಿಸಿ. ಮೊದಲ ಮಳೆಯ ಕೊಳೆನೀರು ಹೊರಗೆ ಹೋಗಲು ಬೇರೆ ಪೈಪು, ಆಮೇಲಿನದಕ್ಕೆ ಮರಳು ಜಲ್ಲಿಯ ಸೋಸುತೊಟ್ಟಿ.

ಮೇ ತಿಂಗಳ ನಡುವೆ ಹಳೆ ಮಾಳಿಗೆಗೆ ಕರಲು ಮಣ್ಣು ಹಾಕಿದೆವು. ಮೊದಲು ಮೇಸ್ತ್ರಿ ತೊಲೆಗಳನ್ನು ಒಂದೊಂದಾಗಿ ತಟ್ಟಿ ನೋಡಿದರು. ಮುಂದಿನ ಕೋಣೆಯ ತೊಲೆ, ಗೋಡೆ ಎರಡೂ ಗಟ್ಟಿ ಎಂದರು. ಯಜಮಾನರ ಮಂಚವನ್ನು ಅಲ್ಲಿಗೆ ಸರಿಸಿದೆವು. ಕರಲು ಮಣ್ಣು ಎಂದರೆ ಜವುಳು ನೆಲದ ಉಪ್ಪು ಮಣ್ಣು. ಅದರಲ್ಲಿ ಬೆಳೆ ಬರುವುದಿಲ್ಲ. ನೀರು ಬಿದ್ದರೆ ಅದರ ಕಣಗಳು ಅತಿ ನುಣ್ಣಗೆ ಕದಡಿ ಸಂದುಗಳನ್ನೆಲ್ಲ ಮುಚ್ಚಿಬಿಡುತ್ತವೆ, ಆಮೇಲೆ ನೀರು ಕೆಳಗಿಳಿಯುವುದಿಲ್ಲ. ಹೊಲಕ್ಕೆ ಕೆಟ್ಟದ್ದು, ಮಾಳಿಗೆಗೆ ಒಳ್ಳೆಯದು. ಅದರಲ್ಲಿರುವ ಸೋಡಿಯಂ ಇದಕ್ಕೆ ಕಾರಣವಂತೆ, ಮೊಮ್ಮಗಳ ವಿಜ್ಞಾನದ ಮೇಷ್ಟ್ರು ಹೇಳಿದರು. ಪಕ್ಕದ ಮನೆಯ ಹುಡುಗರು ಬುಟ್ಟಿ ಹೊತ್ತರು. ಯಜಮಾನರು ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೋಲು ಎತ್ತಿ, "ಅಲ್ಲಿ ತೆಳ್ಳಗಾಯ್ತು, ಗವಾಕ್ಷಿ ಸುತ್ತ ದಪ್ಪ ಹಾಕು" ಎಂದು ಕೂಗುತ್ತಿದ್ದರು. ಬಹಳ ದಿನಗಳ ಮೇಲೆ ಅವರ ದನಿ ಬೀದಿಯ ಕೊನೆಯವರೆಗೆ ಕೇಳಿಸಿತು. ಆ ಸಂಜೆ ಬೇವಿನ ಮರದ ಕೆಳಗೆ ನಿಂತ ಮೊಮ್ಮಗಳು ಫೋನನ್ನು ಹೊಸ ಮನೆಯಿಂದ ಹಳೆ ಮನೆಯ ಕಡೆಗೆ ತಿರುಗಿಸಿದಳು. ನೂರಾರು ಫೋಟೊಗಳಲ್ಲಿ ಅದೊಂದೇ ಬೇರೆ ಕೋನದ್ದು.

ಮಣ್ಣು ಹಾಕಿದ್ದು ಒಳ್ಳೆಯದೇ ಆಯಿತು. 2025ರಲ್ಲಿ ಮುಂಗಾರು ಮೇ ತಿಂಗಳಲ್ಲೇ ರಾಜ್ಯಕ್ಕೆ ಕಾಲಿಟ್ಟಿತು. ಹಳೆ ಮಾಳಿಗೆ ಆ ಮಳೆ ತಡೆಯಿತು. ಒಂದೆರಡು ಕಡೆ ಸೋರಿತು, ಅಲ್ಲಿ ಪಾತ್ರೆ ಇಟ್ಟೆವು, ಅಷ್ಟೆ. ಹೊಸ ಮನೆಯ ಗೋಡೆಗಳ ಗಾರೆಗೆ ಆ ತಂಪಿನಲ್ಲಿ ನೀರು ಹಾಕುವ ಕೆಲಸವೇ ಅರ್ಧ ಕಡಿಮೆಯಾಯಿತು. ಬಣ್ಣ ಬಳಿಯಲು ಮಾತ್ರ ಗೋಡೆ ಆರುವವರೆಗೆ ಮತ್ತೆ ಕಾದೆವು. ಜ್ಯೇಷ್ಠದಲ್ಲೇ ಹೋಗಿದ್ದರೆ ಒದ್ದೆ ಗೋಡೆಯ ನಡುವೆ ವಯಸ್ಸಾದವರನ್ನು ಮಲಗಿಸಬೇಕಾಗುತ್ತಿತ್ತು.

ಮಕ್ಕಳೇ, ನಿಮ್ಮ ಬೀದಿಯಲ್ಲೂ ಯಾರದಾದರೂ ಮನೆ ಏಳುತ್ತಿರಬಹುದು. ದೊಡ್ಡವರನ್ನು ಕೇಳಿಕೊಂಡು, ದೂರದಲ್ಲೇ ನಿಂತು ನೋಡಿ. ಇಟ್ಟಿಗೆ ಏರುವ ದಿನ ಎಲ್ಲರೂ ನೋಡುತ್ತಾರೆ. ಯಾರೂ ಇಲ್ಲದ ದಿನ ಗೋಡೆ ಒದ್ದೆಯಾಗಿದೆಯೇ ಎಂದು ನೀವು ನೋಡಿ. ಒದ್ದೆಯಾಗಿದ್ದರೆ ಕೆಲಸ ನಡೆಯುತ್ತಿದೆ ಎಂದು ಅರ್ಥ. ನನ್ನ ವಯಸ್ಸಿನವರಿಗೆ ಒಂದು ಮಾತು: ಮನೆ ಕಟ್ಟುವಾಗ ನಮ್ಮಿಂದ ಕಲ್ಲು ಹೊರಲಾಗದು ನಿಜ. ದಿನಕ್ಕೆ ನಾಲ್ಕು ಸಲ ನೀರು ಹಾಕಿಸಲು ನಮ್ಮಷ್ಟು ಬಿಡುವು, ನಮ್ಮಷ್ಟು ತಾಳ್ಮೆ ಮನೆಯಲ್ಲಿ ಬೇರೆ ಯಾರಿಗಿದೆ?

ಶ್ರಾವಣದ ಒಂದು ಬೆಳಗ್ಗೆ ಹಾಲು ಉಕ್ಕಿಸಿದೆವು. ಮಧ್ಯಾಹ್ನ ನನ್ನ ಗವಾಕ್ಷಿಯ ಬಿಸಿಲಿನ ಬಿಲ್ಲೆ ಹೊಸ ನೆಲದ ಮೇಲೆ ಎಲ್ಲಿ ಬೀಳುತ್ತದೆ ಎಂದು ಮೊಮ್ಮಗಳು ಸೀಮೆಸುಣ್ಣದಲ್ಲಿ ಗುರುತು ಮಾಡಿದಳು. ನಾಲ್ಕನೇ ದಿನ ರಾತ್ರಿ ಜೋರು ಮಳೆ ಬಂತು. ನಡುರಾತ್ರಿ ಪಕ್ಕದಲ್ಲಿ ಸದ್ದಾಗಿ ಎಚ್ಚರವಾಯಿತು. ಯಜಮಾನರು ಎದ್ದು ಕೂತು ಕತ್ತಲಲ್ಲಿ ಮಂಚದ ಕೆಳಗೆ ಕೈಯಾಡಿಸುತ್ತಿದ್ದರು.

"ಏನು ಹುಡುಕ್ತೀರಿ?" ಎಂದೆ.

"ಸೋರೋ ಜಾಗಕ್ಕೆ ಇಡೋಕೆ ಪಾತ್ರೆ" ಎಂದರು. ಆಮೇಲೆ ಅವರೇ ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿದರು. ಒಳಗೆ ಎಲ್ಲೂ ಹನಿ ಬೀಳುವ ಸದ್ದಿಲ್ಲ. ಹೊರಗೆ ಪೈಪಿನಿಂದ ಸಂಪಿಗೆ ನೀರು ಧುಮುಕುವ ಸದ್ದು ಮಾತ್ರ ಕೇಳಿಸುತ್ತಿತ್ತು. "ಎಷ್ಟು ತುಂಬಿದೆಯೋ, ಬೆಳಗ್ಗೆ ಮಗೂಗೆ ಅಳೆಯೋಕೆ ಹೇಳು" ಎಂದು ಕಂಬಳಿ ಎಳೆದುಕೊಂಡು ಮಲಗಿದರು.